ಶೋಕೇಸ್ ನಿಜವಾಗಿ ಎಷ್ಟು ಗಾಳಿಬಿಗಿ? ಅಡುಗೆ ಸೋಡಾ, ಸಿರಿಂಜ್, ಒಂದು ಮೀಟರ್ ಇಟ್ಟುಕೊಂಡು ಅಳೆಯುವ ಬಗೆ

ಮೈಸೂರಿನ ಒಂದು ಚಿಕ್ಕ ಖಾಸಗಿ ಸಂಗ್ರಹದಲ್ಲಿ ಹಳೆಯ ವಸ್ತುಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಹೊಸ ಗಾಜಿನ ಶೋಕೇಸ್ ಬಂದ ದಿನ, ಮಾಡಿಕೊಟ್ಟವರು "ಫುಲ್ ಏರ್‌ಟೈಟ್ ಸರ್" ಅಂದರು. ನಾನು ನಂಬಿದೆ. ಒಳಗೆ ಒಂದು ಬೀಟೆಮರದ ಪೆಟ್ಟಿಗೆ ಇಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಪೆಟ್ಟಿಗೆಯ ಮುಚ್ಚಳದಲ್ಲಿ ಇನ್‌ಲೇ ಕೆಲಸದ, ಅಂದರೆ ಮರದಲ್ಲಿ ಕೊರೆದು ಕೂರಿಸಿದ, ಒಂದು ಎಲೆ, ಉಗುರಿನಷ್ಟು ದೊಡ್ಡದು, ಒಂದು ಅಂಚಿನಲ್ಲಿ ಎದ್ದು ನಿಂತಿತ್ತು. ಮರ ತೇವ ಕುಡಿದು ಉಬ್ಬಿತ್ತು, ಅಂಟು ಬಿಟ್ಟಿತ್ತು. ಆವತ್ತಿನಿಂದ ನಾನು "ಏರ್‌ಟೈಟ್" ಅನ್ನೋ ಮಾತನ್ನು ಒಪ್ಪಿಕೊಳ್ಳುವುದಿಲ್ಲ. ಎಷ್ಟು ಅಂತ ಕೇಳುತ್ತೇನೆ.

ಯಾಕೆಂದರೆ ಅದಕ್ಕೆ ಒಂದು ಸಂಖ್ಯೆ ಇದೆ. ಒಂದು ದಿನದಲ್ಲಿ ಶೋಕೇಸ್ ಒಳಗಿನ ಗಾಳಿ ಎಷ್ಟು ಸಲ ಪೂರ್ತಿ ಬದಲಾಗುವಷ್ಟು ಹೊರಗಾಳಿ ಒಳಗೆ ಬರುತ್ತದೆ ಅನ್ನುವುದೇ ಆ ಸಂಖ್ಯೆ. ಗಾಳಿ ಬದಲಾಗುವ ದರ ಅನ್ನೋಣ. ದಿನಕ್ಕೆ 0.1 ಅಂದರೆ ಹತ್ತು ದಿನಕ್ಕೆ ಒಂದು ಸಲದ ಲೆಕ್ಕ. ದೊಡ್ಡ ಮ್ಯೂಸಿಯಂಗಳು ಒಳ್ಳೆಯ ಶೋಕೇಸ್‌ಗೆ ಕೇಳುವುದು ಈ 0.1 ಅನ್ನೇ. ಹಳೆಯ ಮರದ ಬೀರು ಆದರೆ ದಿನಕ್ಕೆ 10 ಸಲ ಬದಲಾದರೂ ಆಶ್ಚರ್ಯ ಇಲ್ಲ. ಇದನ್ನು ಅಳೆಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಓಲೆಗರಿ, ತೊಗಲುಗೊಂಬೆ, ಗೆಸ್ಸೊ (ಉಬ್ಬು ಲೇಪ) ಕೆಲಸದ ಮೈಸೂರು ಚಿತ್ರ, ತಾತನ ಕಾಲದ ಬೆಳ್ಳಿ ಸಾಮಾನು, ಯಾವುದನ್ನು ಇಟ್ಟುಕೊಂಡವರಾದರೂ ಒಂದು ವಾರದಲ್ಲಿ ಅಳೆದು ಮುಗಿಸಬಹುದು.

ಉಪಾಯ ಸರಳ. ಶೋಕೇಸ್ ಒಳಗೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ತುಂಬುತ್ತೇವೆ. ಬಾಗಿಲು ಮುಚ್ಚುತ್ತೇವೆ. ಅದು ಎಷ್ಟು ಬೇಗ ಕಡಿಮೆಯಾಗುತ್ತದೆ ಅಂತ ಮೀಟರ್‌ನಲ್ಲಿ ನೋಡುತ್ತೇವೆ. ಹಿಂದೆ ಇದಕ್ಕೆ ನೈಟ್ರಸ್ ಆಕ್ಸೈಡ್, ಸಲ್ಫರ್ ಹೆಕ್ಸಾಫ್ಲೋರೈಡ್ ಕೂಡ ಬಳಸುತ್ತಿದ್ದರು. ಎರಡನೆಯದು ಭೂಮಿಯನ್ನು ಕಾರ್ಬನ್ ಡೈಆಕ್ಸೈಡ್‌ಗಿಂತ 20 ಸಾವಿರ ಪಟ್ಟಿಗೂ ಜಾಸ್ತಿ ಬಿಸಿ ಮಾಡುವ ಅನಿಲ. ನಮಗೆ ಅದರ ಸಹವಾಸವೇ ಬೇಡ.

ಮೊದಲು ಕಣ್ಣಿನಿಂದ, ಕೈಯಿಂದ

ಅಳತೆಗೆ ಮುಂಚೆ ದೊಡ್ಡ ತೂತುಗಳನ್ನು ಹಿಡಿದುಬಿಡಿ. ಒಂದು ಹಾಳೆಯನ್ನು ಬಾಗಿಲ ಅಂಚಿಗಿಟ್ಟು ಬಾಗಿಲು ಮುಚ್ಚಿ, ಬೀಗ ಹಾಕಿ, ಹಾಳೆ ಎಳೆಯಿರಿ. ಬಿಗಿಯಾಗಿ ಬಂದರೆ ಅಲ್ಲಿ ಗ್ಯಾಸ್ಕೆಟ್, ಅಂದರೆ ಬಾಗಿಲ ಸಂದಿ ಮುಚ್ಚುವ ಮೆತ್ತನೆಯ ಪಟ್ಟಿ, ಸರಿಯಾಗಿ ಕೂತಿದೆ. ಬೆಣ್ಣೆಯಲ್ಲಿ ಎಳೆದ ಹಾಗೆ ಜಾರಿ ಬಂದರೆ ಅಲ್ಲಿ ಗಾಳಿ ಓಡಾಡುತ್ತಿದೆ. ಹತ್ತು ಹತ್ತು ಸೆಂಟಿಮೀಟರ್‌ಗೆ ಒಂದು ಸಲ ಹೀಗೆ ಎಳೆದು ನೋಡಿ. ಬೀಗದ ಹತ್ತಿರ ಬಿಗಿಯಾಗಿದ್ದು, ದೂರದ ಮೂಲೆಯಲ್ಲಿ ಸಡಿಲ ಇರುವುದು ತೀರ ಸಾಮಾನ್ಯ. ಬೀಗ ಒಂದೇ ಕಡೆ ಇದ್ದರೆ ಅದು ಒಂದೇ ಕಡೆ ಅದುಮುತ್ತದೆ, ಅಷ್ಟೇ.

ಆಮೇಲೆ ರಾತ್ರಿ ಕೋಣೆಯ ದೀಪ ಆರಿಸಿ, ಶೋಕೇಸ್ ಒಳಗೆ ಒಂದು ಟಾರ್ಚ್ ಇಟ್ಟು, ತಳ, ಹಿಂಬದಿ, ಪೀಠದ ಕೀಲುಗಳ ಸುತ್ತ ನೋಡಿ. ಬೆಳಕು ಬರುವ ಕಡೆ ಗಾಳಿಯೂ ಬರುತ್ತದೆ. ಬೆಳಕು ಬರದ ಕಡೆಯೂ ಗಾಳಿ ಬರಬಹುದು, ಅದನ್ನು ಮರೆಯಬೇಡಿ.

ನಮ್ಮೂರಲ್ಲಿ ಊದುಬತ್ತಿ ಕೈಗೆ ಸಿಗುವ ವಸ್ತು. ಹಾಗಾಗಿ ಹೊಗೆ ಬಿಟ್ಟು ನೋಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ದಯವಿಟ್ಟು ವಸ್ತುಗಳಿರುವ ಶೋಕೇಸ್ ಹತ್ತಿರ ಬೇಡ. ಆ ಹೊಗೆಯಲ್ಲಿ ಮಸಿ, ಎಣ್ಣೆ ಎರಡೂ ಇವೆ. ಬಟ್ಟೆ, ಕಾಗದ, ಚಿತ್ರದ ಮೇಲೆ ಕೂತರೆ ತೆಗೆಯುವುದು ಕಷ್ಟ. ಅಲ್ಲದೆ ಹೊಗೆ ತೋರಿಸುವುದು ದೊಡ್ಡ ಸಂದಿಗಳನ್ನು ಮಾತ್ರ. ಅವನ್ನು ಹಾಳೆಯೇ ತೋರಿಸಿರುತ್ತದೆ.

ಮೀಟರ್ ಕೊಳ್ಳುವಾಗ

ಹಣ ಹಾಕಬೇಕಾದ್ದು ಇಲ್ಲಿ ಮಾತ್ರ. ಎನ್‌ಡಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ) ಸೆನ್ಸರ್ ಇರುವ, ಬ್ಯಾಟರಿಯಲ್ಲಿ ಓಡುವ, ಓದುಗಳನ್ನು ತಾನೇ ಉಳಿಸಿಟ್ಟುಕೊಳ್ಳುವ ಕಾರ್ಬನ್ ಡೈಆಕ್ಸೈಡ್ ಲಾಗರ್ ಬೇಕು. 5000 ಪಿಪಿಎಂವರೆಗೆ ಓದಿದರೆ ಸಾಕು. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅನ್ನುವ ಲೆಕ್ಕ. ತೀರ ಅಗ್ಗದ ಕೆಲವು ಮೀಟರ್‌ಗಳು ಕಾರ್ಬನ್ ಡೈಆಕ್ಸೈಡ್ ಅಳೆಯುವುದೇ ಇಲ್ಲ, ಬೇರೆ ಆವಿಗಳನ್ನು ನೋಡಿ ಅಂದಾಜು ಸಂಖ್ಯೆ ತೋರಿಸುತ್ತವೆ. ಹತ್ತಿಗೆ ಸ್ಯಾನಿಟೈಸರ್ ಹಾಕಿ ಮೀಟರ್ ಹತ್ತಿರ ಹಿಡಿಯಿರಿ, ಉಸಿರು ಮಾತ್ರ ತಾಗದ ಹಾಗೆ ದೂರ ನಿಂತು. ಸಂಖ್ಯೆ ಜಿಗಿದರೆ ಆ ಮೀಟರ್ ವಾಪಸ್ ಕೊಡಿ.

ಇನ್ನೊಂದು ವಿಷಯ, ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಇಂಥ ಹಲವು ಸೆನ್ಸರ್‌ಗಳಲ್ಲಿ ತಾನಾಗಿ ಸರಿಮಾಡಿಕೊಳ್ಳುವ ವ್ಯವಸ್ಥೆ ಇರುತ್ತದೆ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಓದನ್ನು ಅದು ಹೊರಗಿನ ಶುದ್ಧ ಗಾಳಿ, ಅಂದರೆ 400 ಪಿಪಿಎಂ, ಅಂತ ಅಂದುಕೊಳ್ಳುತ್ತದೆ. ಮುಚ್ಚಿದ ಶೋಕೇಸ್ ಒಳಗೆ ವಾರ ಕೂತ ಮೀಟರ್ ಶುದ್ಧ ಗಾಳಿಯನ್ನು ನೋಡುವುದೇ ಇಲ್ಲ. 1500 ಇದ್ದದ್ದನ್ನು 400 ಅಂತ ತಿಳಿದು ಕೂತರೆ ಲೆಕ್ಕವೆಲ್ಲ ಹಾಳು. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು. ಹಾಗಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಮೀಟರ್ ಇಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾವು ಒಂದು ಓದನ್ನು ಇನ್ನೊಂದರಿಂದ ಭಾಗಿಸುತ್ತೇವೆ, ಆ ತಪ್ಪು ಹೊಡೆದುಹೋಗುತ್ತದೆ.

ಎಷ್ಟು ಅನಿಲ ಬೇಕು

ಶೋಕೇಸ್ ಒಳಗಿನ ಉದ್ದ, ಅಗಲ, ಎತ್ತರ ಅಳೆಯಿರಿ. 120 ಸೆಂಟಿಮೀಟರ್, 60, 60 ಇದ್ದರೆ 432 ಲೀಟರ್. ಒಳಗಿನ ಮೆಟ್ಟಿಲು, ಸ್ಟ್ಯಾಂಡು ಕಳೆದರೆ 400 ಅಂತ ಇಟ್ಟುಕೊಳ್ಳೋಣ. ಅದರಲ್ಲಿ 4000 ಪಿಪಿಎಂ ಏರಿಸಲು 1.6 ಲೀಟರ್ ಕಾರ್ಬನ್ ಡೈಆಕ್ಸೈಡ್ ಸಾಕು. ನಮ್ಮ ಎತ್ತರದಲ್ಲಿ ಸುಮಾರು 5 ಗ್ರಾಂ ಅಡುಗೆ ಸೋಡಾದಿಂದ ಅಷ್ಟು ಬರುತ್ತದೆ. ಸ್ವಲ್ಪ ನೀರಿನಲ್ಲಿ ಕರಗಿ ಹೋಗುವುದರಿಂದ 6 ಗ್ರಾಂ ತೆಗೆದುಕೊಳ್ಳಿ, ಅಷ್ಟೇ ತೂಕದ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಇರಲಿ. ವಿನೆಗರ್ ಬೇಡವೇ ಬೇಡ. ಅದರ ಆವಿ ಸೀಸ, ಶಂಖ, ಕಪ್ಪೆಚಿಪ್ಪುಗಳನ್ನು ತಿನ್ನುತ್ತದೆ.

ಒಂದು ಚಿಕ್ಕ ನೀರಿನ ಬಾಟಲಿಗೆ ನಿಂಬೆ ಉಪ್ಪು ಕರಗಿಸಿದ ನೀರು ಹಾಕಿ. ಬಲೂನಿಗೆ ಸೋಡಾ ತುಂಬಿ ಬಾಟಲಿಯ ಬಾಯಿಗೆ ಸಿಕ್ಕಿಸಿ, ಎತ್ತಿ ಸುರಿಯಿರಿ. ಬುಸ್ ಅಂತ ನೊರೆ ಏಳುತ್ತದೆ, ಬಲೂನು ಉಬ್ಬುತ್ತದೆ. ನೊರೆ ಬಲೂನಿನೊಳಗೆ ಹೋಗದಂತೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಇದನ್ನು ಶೋಕೇಸ್ ಇರುವ ಕೋಣೆಯಲ್ಲಿ ಅಲ್ಲ, ಹೊರಗೆ ಮಾಡಿ. ಬಲೂನಿನ ಕುತ್ತಿಗೆ ತಿರುಚಿ ಹಿಡಿದು ಬಿಡಿಸಿಕೊಂಡು, 100 ಮಿಲಿಲೀಟರ್‌ನ ಪ್ಲಾಸ್ಟಿಕ್ ಸಿರಿಂಜ್‌ಗೆ ಎಳೆದುಕೊಂಡು, 16 ಸಲ ಶೋಕೇಸ್ ಒಳಗೆ ಬಿಡಿ. ತಡ ಮಾಡಬೇಡಿ. ಕಾರ್ಬನ್ ಡೈಆಕ್ಸೈಡ್ ರಬ್ಬರಿನ ಮೂಲಕ ಬೇಗ ಸೋರಿ ಹೋಗುತ್ತದೆ. ಬಾಟಲಿಯಲ್ಲಿದ್ದ ಮಾಮೂಲಿ ಗಾಳಿ ಸೇರಿಕೊಂಡಿರುವುದರಿಂದ 4000ಕ್ಕೆ ಸ್ವಲ್ಪ ಕಡಿಮೆಯೇ ಬರುತ್ತದೆ, ಪರವಾಗಿಲ್ಲ. ನಮಗೆ ಬೇಕಾದ್ದು ಎಷ್ಟು ಹಾಕಿದೆವು ಅನ್ನುವುದಲ್ಲ, ಎಷ್ಟು ಬೇಗ ಕಡಿಮೆಯಾಯಿತು ಅನ್ನುವುದು. 5000 ದಾಟಿಸಬೇಡಿ, ಮೀಟರ್ ಅಲ್ಲೇ ನಿಂತುಬಿಡುತ್ತದೆ.

ಸೋಡಾ ಮಾಡುವ ಯಂತ್ರದ ಸಿಲಿಂಡರ್ ಇದ್ದರೆ ಕೆಲಸ ಇನ್ನೂ ಸುಲಭ. ಆದರೆ ಸಿಲಿಂಡರ್ ಬಳಸುವಾಗ ಕಿಟಕಿ ತೆರೆದಿರಲಿ. ಒಂದೂವರೆ ಲೀಟರ್ ಅನಿಲದಿಂದ ಯಾರಿಗೂ ಏನೂ ಆಗುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಸಿಲಿಂಡರ್ ಸೋರಿದರೆ ಅಪಾಯ.

ಮೊದಲ ಪರೀಕ್ಷೆ ಖಾಲಿ ಶೋಕೇಸ್‌ನಲ್ಲೇ ಮಾಡಿ. ಒಳಗೆ ಹೊಸ ಸುಣ್ಣದ ಗಾರೆ, ಸಿಮೆಂಟಿನ ಮಾದರಿ ಇದ್ದರಂತೂ ತೆಗೆದುಬಿಡಿ. ಸುಣ್ಣ ಕಾರ್ಬನ್ ಡೈಆಕ್ಸೈಡ್ ಅನ್ನು ತಾನೇ ಹೀರಿಕೊಳ್ಳುತ್ತದೆ. ಒಂದು ಹನಿ ಗಾಳಿ ಸೋರದಿದ್ದರೂ ಮೀಟರ್ ಸೋರಿದಂತೆ ತೋರಿಸುತ್ತದೆ.

ಮುಚ್ಚಿ, ಬಿಟ್ಟುಬಿಡಿ

ಲಾಗರ್ ಅನ್ನು ಶೋಕೇಸ್‌ನ ನಡು ಎತ್ತರದಲ್ಲಿ ಒಂದು ಡಬ್ಬದ ಮೇಲೆ ಇಡಿ. ಹತ್ತು ನಿಮಿಷಕ್ಕೊಂದು ಓದು ಸಾಕು. ಚಾರ್ಜರ್ ವೈರನ್ನು ಬಾಗಿಲ ಸಂದಿಯಿಂದ ಎಳೆದುಕೊಂಡು ಬರಬೇಡಿ. ಆ ವೈರ್ ಗ್ಯಾಸ್ಕೆಟ್ ಅನ್ನು ಎರಡೂ ಕಡೆ ಎತ್ತಿಹಿಡಿಯುತ್ತದೆ, ನೀವು ಅಳೆಯುವುದು ವೈರಿನ ಸಂದಿಯನ್ನೇ. ಬಾಗಿಲು ದಿನಾ ಹೇಗೆ ಹಾಕುತ್ತೀರೋ ಹಾಗೇ ಹಾಕಿ. ಪರೀಕ್ಷೆ ಅಂತ ಜಾಸ್ತಿ ಬಿಗಿ ಮಾಡಿದರೆ ನಮಗೇ ನಾವು ಸುಳ್ಳು ಹೇಳಿಕೊಂಡ ಹಾಗೆ, ಅಲ್ವಾ?

ಮೊದಲ ಆರು ಗಂಟೆಯ ಓದುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅನಿಲ ಎಲ್ಲ ಮೂಲೆಗೂ ಹರಡಲು ಅಷ್ಟು ಹೊತ್ತು ಬೇಕು.

ಕೋಣೆಯ ಗಾಳಿಯನ್ನೂ ಅಳೆಯಬೇಕು. ಇನ್ನೊಂದು ಮೀಟರ್ ಇದ್ದರೆ ಹೊರಗಿಡಿ, ಇಲ್ಲದಿದ್ದರೆ ಪರೀಕ್ಷೆಗೆ ಮೊದಲು ಮತ್ತು ಮುಗಿದ ಮೇಲೆ ಓದಿಕೊಳ್ಳಿ. ಹೊರಗಾಳಿಯಲ್ಲಿ ಈಗ 420ರ ಮೇಲಿದೆ, ಜನ ತುಂಬಿದ ಕೋಣೆಯಲ್ಲಿ 1000 ದಾಟುವುದು ಮಾಮೂಲು. ಹಾಗಾಗಿ ದಸರಾ ಸಮಯದಲ್ಲಿ, ಶಾಲೆಯ ಪ್ರವಾಸಗಳ ಡಿಸೆಂಬರ್‌ನಲ್ಲಿ ಈ ಪರೀಕ್ಷೆ ಇಟ್ಟುಕೊಳ್ಳಬೇಡಿ. ಜನ ಕಡಿಮೆ ಇರುವ ವಾರ ಒಳ್ಳೆಯದು. ಆಷಾಢದ ಗಾಳಿ ಕಿಟಕಿ ಬಡಿಯುವ ದಿನಗಳಲ್ಲಿ ಮಾಡಿದರೆ ಅದನ್ನೂ ಪುಸ್ತಕದಲ್ಲಿ ಬರೆದಿಡಿ.

ಎಷ್ಟು ದಿನ? ಸಡಿಲ ಶೋಕೇಸ್‌ಗೆ 24 ಗಂಟೆಯೇ ಸಾಕು. ಬಿಗಿ ಇದ್ದರೆ ಐದು ದಿನವಾದರೂ ಬೇಕು. 0.1 ಇರುವ ಶೋಕೇಸ್‌ನಲ್ಲಿ ದಿನಕ್ಕೆ ನೂರಕ್ಕೆ ಹತ್ತರಷ್ಟು ಮಾತ್ರ ಇಳಿಯುತ್ತದೆ, ಒಂದೇ ದಿನದಲ್ಲಿ ಅದು ಸ್ಪಷ್ಟವಾಗುವುದಿಲ್ಲ.

ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸೋಮವಾರ ಸಂಜೆ 6ಕ್ಕೆ ಒಳಗೆ 3620. ಮಂಗಳವಾರ ಸಂಜೆ 6ಕ್ಕೆ 2270. ಕೋಣೆಯಲ್ಲಿ ಸರಾಸರಿ 470. ಮೊದಲು ಎರಡೂ ಓದಿನಿಂದ ಕೋಣೆಯ 470 ಕಳೆಯಿರಿ. 3150 ಮತ್ತು 1800 ಉಳಿಯಿತು. 3150 ಅನ್ನು 1800ರಿಂದ ಭಾಗಿಸಿದರೆ 1.75. ಮೊಬೈಲ್ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಎಲ್‌ಎನ್ (ln) ಅನ್ನುವ ಗುಂಡಿ ಬರುತ್ತದೆ. 1.75ಕ್ಕೆ ಅದನ್ನು ಒತ್ತಿದರೆ 0.56. ನಡುವೆ ಎಷ್ಟು ದಿನವೋ ಅಷ್ಟರಿಂದ ಭಾಗಿಸಿ. ಇಲ್ಲಿ ಒಂದೇ ದಿನ. ಉತ್ತರ ದಿನಕ್ಕೆ 0.56.

470 ಕಳೆಯುವುದನ್ನು ಮರೆತರೆ 0.47 ಬರುತ್ತದೆ. ಶೋಕೇಸ್ ಇರುವುದಕ್ಕಿಂತ ಚೆನ್ನಾಗಿದೆ ಅಂತ ನಂಬಿಬಿಡುತ್ತೀರಿ.

ಎಲ್‌ಎನ್ ಬೇಡ ಅನ್ನುವವರಿಗೆ ಒಂದು ಸುಲಭ ದಾರಿ ಇದೆ. ಕೋಣೆಯ ಸಂಖ್ಯೆ ಕಳೆದ ಮೇಲೆ ಉಳಿದದ್ದು ಅರ್ಧ ಆಗಲು ಎಷ್ಟು ದಿನ ಹಿಡಿಯಿತು ಅಂತ ನೋಡಿ, 0.7 ಅನ್ನು ಅದರಿಂದ ಭಾಗಿಸಿ. ಏಳು ದಿನ ಹಿಡಿದರೆ 0.1. ಒಂದು ದಿನ ಹಿಡಿದರೆ 0.7. ನಾಲ್ಕೇ ಗಂಟೆ, ಅಂದರೆ ದಿನದ ಆರನೇ ಒಂದು ಭಾಗ ಹಿಡಿದರೆ 4.2.

ಬುಧವಾರದ ಓದನ್ನೂ ನೋಡಿ. ನಮ್ಮ ಉದಾಹರಣೆಯಲ್ಲಿ ಅದು 1500ರ ಹತ್ತಿರ ಇರಬೇಕು. ಎರಡನೇ ದಿನದ ದರವೂ 0.56 ಬಂದರೆ ಪರೀಕ್ಷೆ ಸರಿ. ತುಂಬಾ ಬೇರೆ ಬಂದರೆ ಯಾರೋ ಬಾಗಿಲು ತೆಗೆದಿದ್ದಾರೆ, ಇಲ್ಲವೇ ಮೀಟರ್ ತಾನಾಗಿ ಸರಿಮಾಡಿಕೊಂಡಿದೆ, ಇಲ್ಲವೇ ಕೋಣೆಯ ಗಾಳಿ ಬದಲಾಗಿದೆ. ಮತ್ತೆ ಮಾಡಿ.

ಆ ಸಂಖ್ಯೆ ನಮ್ಮ ಮಳೆಗಾಲದಲ್ಲಿ ಏನು ಮಾಡುತ್ತದೆ

ನನಗೆ ಈ ವಿಷಯ ಮನಸ್ಸಿಗೆ ತಟ್ಟಿದ್ದು ಈ ಲೆಕ್ಕ ಮಾಡಿದಾಗ. 400 ಲೀಟರ್ ಶೋಕೇಸ್. ಒಳಗೆ ತೇವಾಂಶ ಶೇಕಡ 50, ಕೋಣೆಯಲ್ಲಿ ಶೇಕಡ 80, ತಾಪಮಾನ 25 ಡಿಗ್ರಿ. ಒಳಗಿನ ಗಾಳಿ ಒಂದು ಸಲ ಬದಲಾದರೆ ಸುಮಾರು 2.8 ಗ್ರಾಂ ನೀರು ಒಳಗೆ ಬರುತ್ತದೆ. ದರ 6 ಇದ್ದರೆ ದಿನಕ್ಕೆ 16 ಗ್ರಾಂಗೂ ಜಾಸ್ತಿ. ಮೂರು ಟೀ ಚಮಚ ನೀರನ್ನು ದಿನಾ ಶೋಕೇಸ್ ಒಳಗೆ ಸುರಿದ ಹಾಗೆ. ದರ 0.56 ಇದ್ದರೆ ಒಂದೂವರೆ ಗ್ರಾಂ.

ಒಳಗೆ 2 ಕಿಲೋ ಮಾಮೂಲಿ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು, ಇಟ್ಟಿದ್ದೀರಿ ಅನ್ನೋಣ. ತೇವಾಂಶ ಶೇಕಡ ಒಂದು ಏರಿದರೆ ಒಂದು ಕಿಲೋ ಜೆಲ್ ಸುಮಾರು 2 ಗ್ರಾಂ ನೀರು ಹಿಡಿಯುತ್ತದೆ. ದರ 6 ಇದ್ದಾಗ ಒಳಗಿನ ತೇವಾಂಶ 50ರಿಂದ 65ಕ್ಕೆ ಏರಲು ಐದು ದಿನ ಸಾಕು. ದರ 0.56 ಇದ್ದಾಗ ಅದೇ ಏರಿಕೆಗೆ ಐವತ್ತು ದಿನಕ್ಕೂ ಜಾಸ್ತಿ. ಅದೇ ಜೆಲ್, ಅದೇ ಕೋಣೆ. ಗ್ಯಾಸ್ಕೆಟ್ ಮಾತ್ರ ಬೇರೆ. ಗ್ಯಾರಿ ಥಾಮ್ಸನ್ ಅನ್ನುವ ಸಂರಕ್ಷಣಾ ವಿಜ್ಞಾನಿ ಒಂದು ಘನ ಮೀಟರ್‌ಗೆ 20 ಕಿಲೋ ಜೆಲ್ ಅಂತ 1970ರ ದಶಕದಲ್ಲಿ ಹೇಳಿದ್ದರು. ಸೋರುವ ಶೋಕೇಸ್‌ಗೆ ಅಷ್ಟು ಜೆಲ್ ತುಂಬುವ ಬದಲು ಸೋರುವುದನ್ನು ನಿಲ್ಲಿಸುವುದು ಅಗ್ಗ. ಜೆಲ್ ಕೊಳ್ಳುವಾಗ ನೀಲಿ ಬಣ್ಣದ್ದು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ, ಆರೋಗ್ಯಕ್ಕೆ ಒಳ್ಳೆಯದಲ್ಲ.

ನನ್ನ ಅಭಿಪ್ರಾಯ ಹೇಳುವುದಾದರೆ, ಸಣ್ಣ ಸಂಗ್ರಹಗಳು 0.1ರ ಹಿಂದೆ ಓಡಬೇಕಿಲ್ಲ. 1ಕ್ಕಿಂತ ಕೆಳಗೆ ಬಂದರೆ ನಮ್ಮ ಮಳೆಗಾಲವನ್ನು ಜೆಲ್ ಬದಲಿಸುತ್ತಾ ದಾಟಬಹುದು. 0.5ರ ಕೆಳಗೆ ಬಂದರೆ ನೆಮ್ಮದಿ.

ಸೋರುವ ಜಾಗ ಹಿಡಿಯುವುದು

ದರ ಜಾಸ್ತಿ ಬಂತು ಅಂತ ಸುಮ್ನೆ ಎಲ್ಲ ಕಡೆ ಸೀಲೆಂಟ್ ಬಳಿಯಬೇಡಿ. ಟೇಪ್ ಹಾಕಿ ಹುಡುಕಿ. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಸಾಕು. ಒಂದು ಕೀಲಿಗೆ ಟೇಪ್, ಮತ್ತೆ ಅನಿಲ, ಒಂದು ರಾತ್ರಿಯ ಓದು. ದರ ಎಷ್ಟು ಇಳಿಯಿತೋ ಅಷ್ಟು ಆ ಕೀಲಿನ ಪಾಲು. ಆಮೇಲೆ ಇನ್ನೊಂದು ಕೀಲು. ಟೇಪ್ ಗಾಜು, ಲೋಹದ ಮೇಲೆ ಮಾತ್ರ. ಹಳೆಯ ಪಾಲಿಶ್ ಇರುವ ಬೀಟೆ, ತೇಗದ ಮೇಲೆ ಹಾಕಿದರೆ ಪಾಲಿಶ್ ಕಿತ್ತು ಬರುತ್ತದೆ.

ನನ್ನ ಆ ಶೋಕೇಸ್‌ನಲ್ಲಿ ಮೊದಲ ಸಲ ದಿನಕ್ಕೆ 6 ಬಂದಿತ್ತು. ಬಾಗಿಲೇ ಕಾರಣ ಅಂತ ಅಂದುಕೊಂಡು ಬಾಗಿಲ ಸುತ್ತ ಟೇಪ್ ಹಾಕಿದೆ. 5ಕ್ಕಿಂತ ಕೆಳಗೆ ಇಳಿಯಲಿಲ್ಲ. ತಳಕ್ಕೆ ಹಾಕಿದೆ, ಅಷ್ಟೇನೂ ಬದಲಾಗಲಿಲ್ಲ. ಕೊನೆಗೆ ಗೋಡೆಗೆ ತಾಗಿಸಿಟ್ಟಿದ್ದ ಶೋಕೇಸನ್ನು ಇಬ್ಬರು ಸೇರಿ ಸರಿಸಿ, ಹಿಂದೆ ಟಾರ್ಚ್ ಹಿಡಿದು ಬಗ್ಗಿ ನೋಡಿದೆವು. ಎಲ್‌ಇಡಿ ದೀಪದ ವೈರಿಗೆ ಪ್ಲೈವುಡ್‌ನಲ್ಲಿ ತೂತು ಕೊರೆದಿದ್ದರು. ವೈರ್ ಪೆನ್ಸಿಲ್‌ಗಿಂತ ಸಣ್ಣದು. ತೂತಿನಲ್ಲಿ ನನ್ನ ಹೆಬ್ಬೆರಳು ಆರಾಮಾಗಿ ಹೋಯಿತು. ಅಂಚಿನಲ್ಲಿ ಜೇಡರ ಬಲೆ, ಉಸಿರಾಡಿದ ಹಾಗೆ ಒಳಕ್ಕೆ ಹೊರಕ್ಕೆ ಅಲುಗಾಡುತ್ತಿತ್ತು. ಆ ಒಂದು ತೂತು ಮುಚ್ಚಿದ ಮೇಲೆ ದರ 2ಕ್ಕೆ ಬಂತು.

ಆ ಬಲೆ ಅಲುಗಾಡಿದ್ದಕ್ಕೆ ಕಾರಣ ಇದೆ. ಒಳಗೆ ದೀಪ ಹಾಕಿದರೆ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಒಂದು ಡಿಗ್ರಿಗೆ ಸುಮಾರು 0.34 ಶೇಕಡದಷ್ಟು. ಬೆಚ್ಚಗಾದ ಗಾಳಿ ಮೇಲಿನ ಸಂದಿಯಿಂದ ಹೊರಗೆ, ಕೋಣೆಯ ಗಾಳಿ ಕೆಳಗಿನ ಸಂದಿಯಿಂದ ಒಳಗೆ. ಮೇಲೊಂದು, ಕೆಳಗೊಂದು ಸಂದಿ ಇದ್ದರೆ ಅದು ಹೊಗೆಗೂಡಿನಂತೆ ಕೆಲಸ ಮಾಡುತ್ತದೆ. ಹಾಗಾಗಿ ಒಂದು ಸಲ ದೀಪ ಆರಿಸಿ, ಒಂದು ಸಲ ದಿನಾ ಹಾಕುವಂತೆ ಹಾಕಿ ಪರೀಕ್ಷೆ ಮಾಡಿ. ಎರಡರ ನಡುವೆ ತುಂಬಾ ವ್ಯತ್ಯಾಸ ಬಂದರೆ ದೀಪವನ್ನು ಶೋಕೇಸ್ ಹೊರಗೆ ತೆಗೆಯುವುದೇ ಸರಿ.

ಮುಚ್ಚುವ ಮುಂಚೆ ಮೂಸಿ ನೋಡಿ

ಬಿಗಿ ಮಾಡುವುದರಲ್ಲಿ ಒಂದು ಅಪಾಯವೂ ಇದೆ. ಹೊರಗಿನ ತೇವ ಒಳಗೆ ಬರದಂತೆ ಮಾಡಿದಾಗ, ಒಳಗೆ ಹುಟ್ಟುವ ಆವಿಯೂ ಹೊರಗೆ ಹೋಗುವುದಿಲ್ಲ. ಪ್ಲೈವುಡ್, ಎಂಡಿಎಫ್‌ನಿಂದ (ಮರದ ನಾರು ಒತ್ತಿ ಮಾಡಿದ ಹಲಗೆ) ಫಾರ್ಮಾಲ್ಡಿಹೈಡ್ ಮತ್ತು ಆಮ್ಲದ ಆವಿ ಬರುತ್ತದೆ. ಸೋರುವ ಶೋಕೇಸ್‌ನಲ್ಲಿ ಅದು ಹಾರಿಹೋಗುತ್ತಿತ್ತು, ಈಗ ಸೀಸದ ಮುದ್ರೆಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ನಾಲ್ಕು ದಿನ ಮುಚ್ಚಿಟ್ಟು, ಬಾಗಿಲು ತೆಗೆದ ತಕ್ಷಣ ಮೂಗು ಹತ್ತಿರ ಹಿಡಿಯಿರಿ. ಹುಳಿ ವಾಸನೆ, ಹೊಸ ಫರ್ನಿಚರ್ ವಾಸನೆ ಬಂದರೆ ಇನ್ನೂ ವಸ್ತು ಇಡಬೇಡಿ. ಪ್ಲೈವುಡ್ ಬದಲಿಸಿ, ಇಲ್ಲವೇ ಅಲ್ಯೂಮಿನಿಯಂ ಪದರ ಇರುವ ಬ್ಯಾರಿಯರ್ ಫಿಲ್ಮ್‌ನಿಂದ ಪೂರ್ತಿ ಹೊದಿಸಿ.

ಸೀಲೆಂಟ್ ಅಂಗಡಿಯಲ್ಲಿ ಕೇಳಿ ಕೊಳ್ಳಿ: ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಆಗಬೇಕು. ಸಾಮಾನ್ಯವಾಗಿ ಗಾಜಿಗೆ ಬಳಸುವ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲವೇ. ಹಚ್ಚಿದ ಮೇಲೆ ಎರಡು ಮೂರು ವಾರ ಬಾಗಿಲು ತೆರೆದಿಡಿ. ಬಾಗಿಲಿಗೆ ಟೊಳ್ಳು ಸಿಲಿಕೋನ್ ಗ್ಯಾಸ್ಕೆಟ್ ಒಳ್ಳೆಯದು. ಕಪ್ಪು ರಬ್ಬರ್‌ನಲ್ಲಿ ಗಂಧಕ ಇರಬಹುದು, ಬೆಳ್ಳಿ ಕಪ್ಪಾಗುತ್ತದೆ. ಬ್ರಷ್ ಥರದ ಸೀಲ್ ಧೂಳು ತಡೆಯುತ್ತದೆ, ಗಾಳಿ ತಡೆಯುವುದಿಲ್ಲ.

ದೊಡ್ಡ ಸಂಗ್ರಹವಾದರೆ ಆಡ್ಡಿ ಟೆಸ್ಟ್ ಮಾಡಿಸಿ. ಬ್ರಿಟಿಷ್ ಮ್ಯೂಸಿಯಂನಲ್ಲಿ 1973ರಲ್ಲಿ ಹುಟ್ಟಿದ ಪರೀಕ್ಷೆ ಇದು. ಬಳಸಬೇಕಾದ ಬಟ್ಟೆ, ಮರ, ಅಂಟನ್ನು ಬೆಳ್ಳಿ, ಸೀಸ, ತಾಮ್ರದ ಚೂರುಗಳ ಜೊತೆ ಮುಚ್ಚಿದ ಗಾಜಿನೊಳಗೆ 60 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ಲೋಹ ಹಾಳಾದರೆ ಆ ವಸ್ತು ಶೋಕೇಸ್‌ಗೆ ಬೇಡ. ಸಿಟ್ರೊನೆಲ್ಲಾ ಎಣ್ಣೆ ಹಚ್ಚಿದ ಓಲೆಗರಿ ಕಟ್ಟುಗಳನ್ನು ಎಣ್ಣೆ ಆರುವ ಮೊದಲು ಬಿಗಿ ಶೋಕೇಸ್‌ನಲ್ಲಿ ಇಡಬೇಡಿ. ವಿನೆಗರ್ ವಾಸನೆ ಬರುತ್ತಿರುವ ಹಳೆಯ ಫಿಲ್ಮ್ ರೀಲುಗಳನ್ನಂತೂ ಎಂದಿಗೂ ಇಡಬೇಡಿ. ಅವುಗಳಿಗೆ ಗಾಳಿ ಆಡಬೇಕು.

ಹೊಸ ಶೋಕೇಸ್ ಮಾಡಿಸುವವರಿಗೆ

ಕೊಟೇಶನ್ ಕೇಳುವಾಗಲೇ ಸಂಖ್ಯೆ ಬರೆಸಿ. "ಗಾಳಿ ಬದಲಾಗುವ ದರ ದಿನಕ್ಕೆ 0.5ಕ್ಕಿಂತ ಕಡಿಮೆ, ನಮ್ಮ ಜಾಗದಲ್ಲಿ ಕೂರಿಸಿದ ಮೇಲೆ ಅಳೆಯಲಾಗುವುದು, ಕೊನೆಯ ಕಂತು ಅದಾದ ಮೇಲೆ." ಕೂರಿಸಿದ ಮೇಲೆ ಅನ್ನುವ ಮಾತನ್ನು ಬಿಡಬೇಡಿ. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಎಲ್ಲ ಕಡೆ ಮಟ್ಟವಾಗಿರುವುದಿಲ್ಲ. ಒಂದು ಕಾಲು ಎರಡು ಮಿಲಿಮೀಟರ್ ಕೆಳಗೆ ಹೋದರೂ ಚೌಕಟ್ಟು ತಿರುಚಿಕೊಂಡು ಬಾಗಿಲ ಒಂದು ಮೂಲೆ ಗ್ಯಾಸ್ಕೆಟ್ ಬಿಟ್ಟುಬಿಡುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ಕಾಲಿಗೆ ಬಿಲ್ಲೆ ಕೊಟ್ಟು ಸಮ ಮಾಡಿ, ಆಮೇಲೆ ಅಳೆಯಿರಿ.

ಅಳೆದ ದಿನ, ದರ, ಕೋಣೆಯ ತಾಪಮಾನ, ದೀಪ ಹಾಕಿತ್ತೋ ಇಲ್ಲವೋ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಶೋಕೇಸ್‌ನ ಹಿಂದೆ ಅಂಟಿಸಿ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರು ಶುರುವಾಗುವ ಮುಂಚೆ, ಮತ್ತೆ ಅಳೆದು ಅದರ ಕೆಳಗೆ ಬರೆಯಿರಿ. ಶೋಕೇಸ್ ಸರಿಸಿದಾಗ, ದೀಪ ಬದಲಿಸಿದಾಗ, ಗಾಜು ತೆಗೆದು ಹಾಕಿದಾಗಲೂ ಅಳೆಯಿರಿ. ನನ್ನ ಆ ಶೋಕೇಸ್‌ನ ಚೀಟಿಯಲ್ಲಿ ಈಗ 6, 2, 0.8, 0.6 ಅಂತ ನಾಲ್ಕು ಸಾಲುಗಳಿವೆ. ಬೀಟೆಮರದ ಪೆಟ್ಟಿಗೆಯ ಎಲೆಯನ್ನು ಸಂರಕ್ಷಣೆ ಗೊತ್ತಿರುವವರೊಬ್ಬರು ಕೂರಿಸಿಕೊಟ್ಟರು. ಅದು ಮತ್ತೆ ಅದೇ ಶೋಕೇಸ್‌ನಲ್ಲಿದೆ.